ಮೂರನೇ ಕ್ಯಾಸೆಟ್ಟಿನ ಚಿಟ್ಟೆ

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾನು ರೇಷ್ಮೆ ಹುಳ ಸಾಕುತ್ತಿದ್ದೇನೆ. ಎಷ್ಟು ಬೆಳೆ ಎತ್ತಿದ್ದೇನೋ ಲೆಕ್ಕ ಇಟ್ಟವರಿಲ್ಲ. ಆದರೆ ನನ್ನ ಕೈಯಲ್ಲಿ ಬೆಳೆದ ಒಂದು ಹುಳವಾದರೂ ಚಿಟ್ಟೆಯಾಗಿ ಹಾರಿದ್ದನ್ನು ನಾನು ಕಂಡವಳಲ್ಲ. ಗೂಡು ಗಟ್ಟಿಯಾದ ಕೂಡಲೇ ಬಿಡಿಸಿ, ಚೀಲಕ್ಕೆ ತುಂಬಿ, ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುತ್ತೇವೆ. ಅಲ್ಲಿಂದ ಅವು ನೂಲು ಬಿಚ್ಚುವವರ ಬಿಸಿನೀರಿಗೆ ಹೋಗುತ್ತವೆ. ಎಲ್ಲೋ ಹುಳ ಗೂಡು ಕಟ್ಟುವ ಚಂದ್ರಿಕೆಯ ಬಿದಿರಿನ ಸಂದಿಯಲ್ಲಿ ನಮ್ಮ ಕಣ್ಣಿಗೆ ಬೀಳದೆ ಉಳಿದ ಗೂಡಿನಿಂದ ಒಂದೊಂದು ಸಲ ಚಿಟ್ಟೆ ಹೊರಗೆ ಬರುವುದುಂಟು. ಬಂದು ಏನು ಮಾಡುತ್ತದೆ? ಪಟಪಟ ರೆಕ್ಕೆ ಬಡಿಯುತ್ತದೆ, ಇದ್ದಲ್ಲೇ ಗಿರಗಿರ ಸುತ್ತುತ್ತದೆ, ಮೊಟ್ಟೆಯಿಟ್ಟು ಸಾಯುತ್ತದೆ. ರೆಕ್ಕೆಯಿದ್ದೂ ಹಾರಲು ಬಾರದ ಜೀವ ಅದು. ಅದನ್ನು ನೋಡಿದಾಗೆಲ್ಲ ನನಗೆ ಏನೋ ಒಂದು ಥರ ಆಗುತ್ತಿತ್ತು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ, ಹುಳದ ಮೇಲೆ ಕನಿಕರ ಪಟ್ಟರೆ ಹೊಟ್ಟೆ ತುಂಬುತ್ತಾ ಎಂದು ನಕ್ಕುಬಿಡುತ್ತಿದ್ದರು.

ಇಷ್ಟನ್ನು ಮೊದಲೇ ಹೇಳದಿದ್ದರೆ, ನನ್ನಂಥ ಮುದುಕಿ ಟಿವಿ ಗೇಮಿಗೆ ಅಷ್ಟು ಹುಚ್ಚಾದದ್ದು ಯಾಕೆ, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ ಮೊಮ್ಮಗಳ ಮೇಲೆ ಅಷ್ಟು ಸಿಟ್ಟಾದದ್ದು ಯಾಕೆ ಅನ್ನುವುದು ನಿಮಗೆ ತಿಳಿಯುವುದಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯಲು ಕೂತರೆ ಕೈಗಿಂತ ಮುಂಚೆ ಬಾಯಿ ಓಡುತ್ತದೆ. ಆದರೂ ಇದನ್ನು ಬರೆಯದೆ ಇರಲಾರೆ. ಅಷ್ಟು ಖುಷಿ ಒಳಗೆ ತುಂಬಿಕೊಂಡಿದೆ, ಅಷ್ಟೇ ಉರಿಯೂ ಇದೆ.

ನಮ್ಮೂರು ಚಿಂತಾಮಣಿಯ ಕಡೆ, ಅಂಬಾಜಿದುರ್ಗದ ಬೆಟ್ಟ ಕಾಣುವಷ್ಟು ಹತ್ತಿರ. ಮಗಳನ್ನು ಗೌರಿಬಿದನೂರಿಗೆ ಕೊಟ್ಟಿದ್ದೇವೆ. ಅವಳಿಗೆ ಒಬ್ಬಳೇ ಮಗಳು. ಬೇಸಿಗೆ ರಜ ಬಂತೆಂದರೆ ಆ ಮೊಮ್ಮಗಳು ನಮ್ಮ ಮನೆಯಲ್ಲೇ. ಮನೆಗೊಂದು ಮೊಬೈಲು ಬಂದು ಅದನ್ನು ಗಂಡಸರು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ ಕಾಲ. ಆ ಸಲ ಅವಳು ಬಸ್ಸಿನಿಂದ ಇಳಿದಾಗ ಬಟ್ಟೆಯ ಚೀಲವನ್ನು ಅವಳಪ್ಪ ಹಿಡಿದಿದ್ದ. ಅವಳು ಎದೆಗವಚಿಕೊಂಡಿದ್ದು ಒಂದು ರಟ್ಟಿನ ಡಬ್ಬಿ.

"ಇದೇನಮ್ಮ, ರೇಡಿಯೋನಾ?" ಎಂದರು ನಮ್ಮ ಯಜಮಾನರು.

"ಅಯ್ಯೋ ತಾತ, ಟಿವಿ ಗೇಮು! ಪಾಸಾಗಿದ್ದಕ್ಕೆ ಅಪ್ಪ ಕೊಡ್ಸಿದ್ದು."

ಒಂದು ಪೆಟ್ಟಿಗೆ, ಅದಕ್ಕೆ ವೈರು ಕಟ್ಟಿದ ಎರಡು ರಿಮೋಟು, ಮೇಲೆ ಕ್ಯಾಸೆಟ್ಟು ಸಿಕ್ಕಿಸುವುದಕ್ಕೆ ಬಾಯಿ. ಟಿವಿಗೆ ಜೋಡಿಸಿದ್ದೇ ತಡ, ಬೀದಿಯ ಮಕ್ಕಳೆಲ್ಲ ನಮ್ಮ ಹಜಾರದಲ್ಲಿ ನೆರೆದರು. ಬಂದೂಕು ಹಿಡಿದು ಓಡುವವನು, ಕಾರು ಓಡಿಸುವವನು, ಡಬಡಬ ಸದ್ದು. ನಾನು ಆ ಕಡೆ ತಲೆ ಹಾಕಲಿಲ್ಲ. ಒಂದು ಮಧ್ಯಾಹ್ನ ಹಿತ್ತಲಿನಲ್ಲಿ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದೆ. ಒಳಗಿನಿಂದ ಪಕ್ಕದ ಮನೆಯ ಹುಡುಗಿ ಕಿರುಚಿದ್ದು ಕೇಳಿಸಿತು.

"ಅಯ್ಯೋ, ಹಸಿರು ಕ್ಯಾಸೆಟ್ ಬ್ಯಾಡ ಕಣೇ! ಅದು ಹುಳದ್ದು, ಬೋರು. ಬಂದೂಕದ್ದು ಹಾಕೇ!"

ಹುಳ ಅನ್ನುವ ಮಾತು ಕಿವಿಗೆ ಬಿದ್ದರೆ ನಾನು ಕೂತಲ್ಲಿ ಕೂರುವವಳಲ್ಲ. ಕುಡುಗೋಲು ಬಿಟ್ಟು ಒಳಗೆ ಬಂದೆ.

ಟಿವಿಯಲ್ಲಿ ಒಂದು ಮರ. ಮರದ ಬುಡದಲ್ಲಿ ಒಂದು ಬಿಳಿ ಹುಳ. ರಿಮೋಟು ಒತ್ತಿದರೆ ಅದು ಬೆನ್ನು ಮಡಚಿ ಮಡಚಿ ಮೇಲಕ್ಕೆ ಹತ್ತುತ್ತದೆ, ಸಿಕ್ಕಿದ ಎಲೆಯನ್ನು ಅಂಚಿನಿಂದ ಕರಕರ ಕಡಿಯುತ್ತದೆ. ನಮ್ಮ ಹುಳುಮನೆಯ ತಟ್ಟೆಯಿಂದ ಒಂದನ್ನು ಎತ್ತಿ ಆ ಪೆಟ್ಟಿಗೆಯೊಳಗೆ ಬಿಟ್ಟ ಹಾಗಿತ್ತು. ಬಂದೂಕಿನ ಮಕ್ಕಳಿಗೆ ಇದರಲ್ಲಿ ಏನಿದೆ? ಮುಖ ಸಿಂಡರಿಸಿ ಒಬ್ಬೊಬ್ಬರೇ ಎದ್ದು ಹೋದರು. ನಾನೂ ಮೊಮ್ಮಗಳೂ ಉಳಿದೆವು.

"ಆ ಎಲೆ ತಿನ್ನಿಸ್ಬೇಡ ಕಣಮ್ಮ, ಮೇಲೆ ನೀರಿದೆ," ಎಂದೆ.

"ಸುಮ್ನಿರಜ್ಜಿ, ಎಲೆ ತಿಂದ್ರೆ ಪಾಯಿಂಟ್ ಬರತ್ತೆ."

ತಿನ್ನಿಸಿದಳು. ಹುಳ ಕಪ್ಪಾಗಿ ಮಗುಚಿ ಬಿತ್ತು.

"ಅಜ್ಜೀ! ನಿಂಗೆ ಹೆಂಗೆ ಗೊತ್ತಾಯ್ತು?"

"ಒದ್ದೆ ಸೊಪ್ಪು ಹಾಕಿದ್ರೆ ಹುಳ ಉಳಿಯತ್ತೇನೇ? ರೇಷ್ಮೆ ಮನೇಲಿ ಹುಟ್ಟಿದೋಳ ಮಗಳು ನೀನು, ಅಷ್ಟೂ ಗೊತ್ತಿಲ್ವಾ?"

ಅವತ್ತಿನಿಂದ ನಾನು ಅವಳ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂತೆ. ಅವಳದು ಕೈ, ನನ್ನದು ಬಾಯಿ. ಎಂಥ ಸುಖ ಅನ್ನುತ್ತೀರಿ! ಮೂವತ್ತು ತಟ್ಟೆ ಹುಳಕ್ಕೆ ಸೊಪ್ಪು ಹಾಕಿ ಬೆನ್ನು ನೋಯಿಸಿಕೊಂಡು ಬಂದು, ಟಿವಿಯ ಮುಂದೆ ಇನ್ನೊಂದು ಹುಳಕ್ಕೆ ಸೊಪ್ಪು ತಿನ್ನಿಸುವುದು. ಬೇರೆಯವರಿಗೆ ಹುಚ್ಚಿನ ಹಾಗೆ ಕಂಡಿರಬೇಕು. ನನಗೆ ಮಾತ್ರ ಬೆನ್ನು ನೋವು ಮರೆತೇ ಹೋಗುತ್ತಿತ್ತು.

ಮೊದಲನೇ ಮರ ಹತ್ತಿ ಮುಗಿದ ಕೂಡಲೇ ಒಂದು ವಿಚಿತ್ರ ನಡೆಯಿತು. ಹುಳ ತಿನ್ನುವುದು ಬಿಟ್ಟು, ತಲೆ ಮೇಲೆತ್ತಿ, ಅಲ್ಲಾಡದೆ ಕೂತುಬಿಟ್ಟಿತು. ಕೆಳಗೆ ಇಂಗ್ಲಿಷಿನ ಅಕ್ಷರಗಳು ಮಿಣಮಿಣ ಅನ್ನುತ್ತಿದ್ದವು. ಮೊಮ್ಮಗಳ ಹೆಬ್ಬೆರಳು ಬಟನ್ನಿನ ಕಡೆಗೆ ಹೋಯಿತು. ನಾನು ಕೈ ಹಿಡಿದುಕೊಂಡೆ.

"ಮುಟ್ಬೇಡ! ಜ್ವರಕ್ಕೆ ಕೂತಿದೆ!"

ನಮ್ಮ ಕಡೆ ಹುಳ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತೇವೆ. ಆಗ ಅದು ಹೀಗೇ ತಲೆಯೆತ್ತಿ ಕೂರುತ್ತದೆ. ಸೊಪ್ಪು ಹಾಕಬಾರದು, ಮುಟ್ಟಬಾರದು, ತಟ್ಟೆ ಅಲ್ಲಾಡಿಸಬಾರದು. ಜ್ವರ ಎದ್ದ ಮೇಲೇ ಮುಂದಿನ ಸೊಪ್ಪು. ಅವಸರಪಟ್ಟರೆ ಬೆಳೆಯೇ ಕೆಡುತ್ತದೆ. ಇದನ್ನೆಲ್ಲ ಅವಳಿಗೆ ಹೇಳಿದೆ. ರಿಮೋಟು ಕೆಳಗಿಟ್ಟು ಸುಮ್ಮನೆ ಕೂತಳು. ನಾನು ಹೋಗಿ ಹುಳುಮನೆಯಲ್ಲಿ ಸೊಪ್ಪು ಹಾಕಿ, ಕೈಕಾಲು ತೊಳೆದು ಬಂದೆ.

"ಈಗ ಎದ್ದಿರತ್ತೆ. ಒತ್ತು ನೋಡಣ."

ಒತ್ತಿದಳು. ಹುಳ ಮೈ ಕೊಡವಿ ಎದ್ದಿತು! ಹಳೇ ಚರ್ಮ ಹಿಂದೆ ಬಿತ್ತು, ಮೊದಲಿಗಿಂತ ದಪ್ಪಗೆ, ಹಾಲಿನ ಬಣ್ಣದ ಹೊಸ ಹುಳ. ನಾನು ಚಪ್ಪಾಳೆ ತಟ್ಟಿದೆ. "ನೋಡಿದ್ಯಾ? ಕಾದ್ವಿ, ಎದ್ದಿತು!" ಎಂದೆ. ಅವಳು ನನ್ನ ಮುಖ ನೋಡಿ ನಕ್ಕಳು. ಆ ಆಟ ಮಾಡಿದವನು ಯಾವ ದೇಶದವನೋ, ಅವನ ಮನೆಯಲ್ಲೂ ಒಬ್ಬ ಅಜ್ಜಿ ಹುಳ ಸಾಕುತ್ತಿರಬೇಕು ಅಂದುಕೊಂಡೆ.

ಆಮೇಲೆ ನಮ್ಮ ಹುಳುಮನೆಯ ಕಟ್ಟಳೆಯೆಲ್ಲ ಹಜಾರಕ್ಕೂ ಬಂತು. ಆಡುವ ಮುಂಚೆ ಕೈಕಾಲು ತೊಳೆಯಬೇಕು. ಮುಖಕ್ಕೆ ಪೌಡರು ಹಾಕಿಕೊಂಡು ಬರಬಾರದು, ವಾಸನೆ ಹುಳಕ್ಕೆ ಆಗುವುದಿಲ್ಲ. ಸೊಸೆ ಅಡುಗೆಮನೆಯಿಂದ ಇಣುಕಿ, "ಅತ್ತೆ, ಸಾರಿಗೆ ಒಗ್ಗರಣೆ ಹಾಕ್ಲಾ? ಟಿವಿ ಹುಳಕ್ಕೆ ಘಾಟು ತಗಲಲ್ಲ ತಾನೇ?" ಎನ್ನುವಳು.

"ಅದು ಮಲಗಿರೋವಾಗ ಹಾಕ್ಬೇಡ ಕಣಮ್ಮ. ಎದ್ದ ಮೇಲೆ ಹಾಕು."

"ಆಯ್ತು ಬಿಡಿ, ಅದರ ಜ್ವರ ಬಿಡೋವರೆಗೂ ನಮಗೆ ಸಪ್ಪೆ ಸಾರು!"

ಹಸಿರು ಕ್ಯಾಸೆಟ್ಟಿನ ಮೇಲೆ ಒಂದು ಚಿತ್ರವಿತ್ತು. ಮರ, ಮರದ ತುದಿಯ ಮೇಲೆ ಆಕಾಶದಲ್ಲಿ ಬಿಳಿ ಚಿಟ್ಟೆ. ಕೆಳಗಿನ ಹುಳಕ್ಕಿದ್ದ ಕಣ್ಣೇ ಆ ಚಿಟ್ಟೆಗೂ ಇತ್ತು. ನಾನು ಆ ಚಿತ್ರ ನೋಡಿ ನೋಡಿ ಸವೆಸಿದೆ. ಗೂಡು ಬಿಟ್ಟು ಬಂದ ರೇಷ್ಮೆ ಚಿಟ್ಟೆ ಮರಕ್ಕಿಂತ ಎತ್ತರಕ್ಕೆ ಹಾರುತ್ತದೆ! ಅದೊಂದನ್ನು ಕಣ್ಣಾರೆ ನೋಡಬೇಕು ಅನ್ನುವುದು ನನ್ನ ತಲೆಗೆ ಹೊಕ್ಕಿತು. ಆದರೆ ಹಸಿರು ಕ್ಯಾಸೆಟ್ಟು ಕೊನೆ ಮರದಲ್ಲಿ ಮುಗಿದುಹೋಯಿತು. ಬರೀ ಅಕ್ಷರ ಬಂದವು, ಚಿಟ್ಟೆ ಬರಲಿಲ್ಲ.

"ಎರಡನೇ ಭಾಗ ಐತಂತೆ ಅಜ್ಜಿ," ಎಂದು ಅವಳು ಓದಿ ಹೇಳಿದಳು.

ಚಿಂತಾಮಣಿಗೆ ಹೋದೆವು. ಸಂತೆ ಬೀದಿಯ ಹಿಂದೆ ಟಾರ್ಚು, ರೇಡಿಯೋ, ರಿಮೋಟು ಮಾರುವ ಒಂದು ಇಕ್ಕಟ್ಟಿನ ಅಂಗಡಿ. ಅಂಗಡಿಯವನು ತೆಲುಗಿನವನು. ಮೊಮ್ಮಗಳು ಹಸಿರು ಕ್ಯಾಸೆಟ್ಟು ತೋರಿಸಿದಾಗ ಅವಳನ್ನು ಬಿಟ್ಟು ನನ್ನನ್ನು ನೋಡಿದ.

"ಏಮಮ್ಮಾ, ಪುರುಗುಲ ಆಟನಾ, ಹುಳದ್ದಾ? ಯಾರೂ ಕೇಳಲ್ಲಮ್ಮ ಇದನ್ನ. ಫೈಟಿಂಗ್ ಇದೆ, ರೇಸ್ ಇದೆ, ತಗೊಂಡ್ಹೋಗಿ, ಹುಡುಗಿ ಖುಷಿಯಾಗ್ತಾಳೆ."

"ಹುಡುಗಿಗಲ್ಲಪ್ಪ, ನಂಗೆ," ಎಂದೆ.

ಅವನು ಏಣಿ ಹತ್ತಿ, ಧೂಳು ಹಿಡಿದ ಡಬ್ಬಿಯಿಂದ ಹಳದಿ ಕ್ಯಾಸೆಟ್ಟು ತೆಗೆದುಕೊಟ್ಟ. ಮೂರನೆಯದೂ ಇದೆ, ಕೆಂಪು ಬಣ್ಣದ್ದು, ತರಿಸಿಕೊಡುತ್ತೇನೆ ಎಂದ. ಬಸ್ಸಿನಲ್ಲಿ ಬರುವಾಗ ನಾನು ಆ ಹಳದಿ ಕ್ಯಾಸೆಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದೆ, ಚಾಕಿಯ ಮರಿಹುಳ ತರುವ ಹಾಗೆ, ಬಿಸಿಲು ತಗುಲದಂತೆ.

ಹಳದಿಯದು ಹಸಿರಿಗಿಂತ ಚೆನ್ನಾಗಿತ್ತು. ಅದರಲ್ಲಿ ಇರುವೆ ಬಂದವು, ಹಲ್ಲಿ ಬಂತು, ಎರಡೂ ನಮ್ಮ ಹುಳುಮನೆಯ ಹಳೇ ಶತ್ರುಗಳು. ಇರುವೆ ಬರದಂತೆ ನಾವು ತಟ್ಟೆಯ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡುತ್ತೇವಲ್ಲ, ಆಟದಲ್ಲೂ ನೀರು ದಾಟಿದರೆ ಇರುವೆ ಹಿಂದೆ ಬರುವುದಿಲ್ಲ! ಇದನ್ನು ಕಂಡಾಗ ನಾವಿಬ್ಬರೂ ಕುಣಿದಾಡಿಬಿಟ್ಟೆವು. ಕೊನೆಗೆ ಹುಳ ಹಣ್ಣಾಯಿತು, ಗೂಡು ಕಟ್ಟುವ ಹದಕ್ಕೆ ಬಂತು. ಮೈಯೆಲ್ಲ ಹೊಂಬಣ್ಣ, ಬೆಳಕಿಗೆ ಹಿಡಿದರೆ ಒಳಗೆ ಕಾಣುವ ಹಾಗೆ. ಮತ್ತೆ ಅಕ್ಷರ ಬಂದು ನಿಂತಿತು. ಇನ್ನು ಉಳಿದದ್ದು ಕೆಂಪು ಕ್ಯಾಸೆಟ್ಟು, ಅದರಲ್ಲಿ ಗೂಡು, ಗೂಡಿನಿಂದ ಚಿಟ್ಟೆ.

ಕೆಂಪು ಕ್ಯಾಸೆಟ್ಟು ಬಂದ ದಿನ ನಾನು ಅವಳನ್ನು ಹತ್ತಿರ ಕೂರಿಸಿಕೊಂಡು ಕೇಳಿದೆ.

"ಚಿಟ್ಟೆ ಬರೋವಾಗ ಇಬ್ರೂ ಇರ್ಬೇಕು. ನೀನಿಲ್ದೆ ನಾನು ನೋಡಲ್ಲ, ನಾನಿಲ್ದೆ ನೀನು ನೋಡ್ಬಾರ್ದು. ಸರೀನಾ?"

"ನಿನ್ನಾಣೆ ಅಜ್ಜಿ."

ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದಳು. ನಾನು ಕೇಳಿರಲಿಲ್ಲ, ಅವಳಾಗಿಯೇ ಇಟ್ಟದ್ದು.

ಮೂರನೆಯದು ಬಹಳ ಉದ್ದ, ಮತ್ತೆ ಮರಿಹುಳದಿಂದಲೇ ಶುರು. ಗಾಳಿಗೆ ಕೊಂಬೆ ಅಲ್ಲಾಡುತ್ತದೆ, ಮಳೆ ಬರುತ್ತದೆ, ಜ್ವರದ ಮೇಲೆ ಜ್ವರ. ನಡುವೆ ಕರೆಂಟು ಹೋಯಿತೆಂದರೆ ಮತ್ತೆ ಮೊದಲ ಎಲೆಯಿಂದ ಶುರುಮಾಡಬೇಕು. ನಮ್ಮೂರಿನ ಕರೆಂಟು ಹೋಗದ ದಿನ ಯಾವುದು? ಪ್ರತಿ ಸಲ ಗೂಡಿನ ಹತ್ತಿರಕ್ಕೆ ಬರುವುದು, ಟಿವಿ ಟಪ್ ಎಂದು ಕಪ್ಪಾಗುವುದು. ಅಷ್ಟರಲ್ಲಿ ನಮ್ಮ ಬೆಳೆಯೂ ಹಣ್ಣಾಯಿತು. ಮನೆಮಂದಿಯೆಲ್ಲ ಹುಳ ಆರಿಸಿ ಚಂದ್ರಿಕೆಗೆ ಬಿಟ್ಟೆವು, ಗೂಡು ಬಿಡಿಸಿದೆವು. ಮಾರುಕಟ್ಟೆಗೆ ಹೋಗುವುದು ಯಾವಾಗಲೂ ಮಗ. ಆ ಸಲ ಅವನ ಕಾಲು ಉಳುಕಿತ್ತು. ನಾನೂ ಯಜಮಾನರೂ ಟೆಂಪೋದಲ್ಲಿ ಶಿಡ್ಲಘಟ್ಟಕ್ಕೆ ಹೊರಟೆವು.

"ಬೇಗ ಬಂದ್ಬಿಡಜ್ಜಿ," ಎಂದು ಅವಳು ಬಾಗಿಲಲ್ಲಿ ನಿಂತು ಕೈ ಬೀಸಿದಳು.

ಗೂಡು ಒಳ್ಳೆಯ ಬೆಲೆಗೆ ಹೋಯಿತು. ಸಂಜೆಗೆ ಮುಂಚೆಯೇ ಊರು ಸೇರಿದೆವು. ಯಜಮಾನರು ಬಸ್‌ಸ್ಟಾಪಿನ ಹತ್ತಿರ ಯಾರೊಂದಿಗೋ ಮಾತಿಗೆ ನಿಂತರು. ಅವಳಿಗಾಗಿ ತಂದ ಬಿಸಿ ಬೋಂಡದ ಪೊಟ್ಟಣ ಹಿಡಿದು ನಾನು ಮುಂದೆ ಬಂದೆ. ಹಜಾರದ ಕಿಟಕಿ ತೆರೆದಿತ್ತು. ಆಟದ ಪೀಪಿ ಸದ್ದು ಆಚೆಗೆ ಬರುತ್ತಿತ್ತು. ಪಕ್ಕದ ಮನೆಯ ಹುಡುಗಿಯ ದನಿ ಕೇಳಿಸಿತು.

"ಏನೇ ಇದು, ಹಿಂಗೆ ಕೂತ್ಬಿಡ್ತು? ನಿಮ್ಮಜ್ಜಿ ಇದ್ರೆ ಎಷ್ಟೊತ್ತು ಕಾಯ್ತೀರ ನೀವು!"

"ಕಾಯೋದೇನೂ ಬೇಕಿಲ್ಲ ಕಣೇ. ಬಟನ್ ಒತ್ತಿದ್ರೆ ಆಯ್ತು, ಎದ್ಬಿಡತ್ತೆ. ನೋಡು." ಅದು ನನ್ನ ಮೊಮ್ಮಗಳು.

"ಮತ್ತೆ ನಿಮ್ಮಜ್ಜಿಗೆ ಗೊತ್ತಿಲ್ವಾ?"

"ನಮ್ಮಜ್ಜಿ ಅದಕ್ಕೆ ಜ್ವರ ಅನ್ಕೊಂಡಿದ್ದಾಳೆ. ನಾನೂ ಊಂ ಅಂತ ಕೂತಿರ್ತೀನಿ."

ಇಬ್ಬರೂ ನಕ್ಕರು. ಇನ್ನೂ ಒಂದಿಬ್ಬರು ಮಕ್ಕಳು ಇದ್ದರೇನೋ, ಅವರೂ ನಕ್ಕರು.

ಹೊಸ್ತಿಲು ಎರಡು ಹೆಜ್ಜೆ ದೂರ, ಆದರೆ ದಾಟಲಾಗಲಿಲ್ಲ. ಅಷ್ಟರಲ್ಲಿ ಒಳಗೆ ಗದ್ದಲವೆದ್ದಿತು. "ಗೂಡು ಕಟ್ತು! ಗೂಡು ಕಟ್ತು! ಇನ್ನೇನು ಚಿಟ್ಟೆ ಬರತ್ತೆ ನೋಡ್ರೇ!" ಎಂದು ನನ್ನವಳೇ ಕೂಗುತ್ತಿದ್ದಳು. ನಾನು ಸೀದಾ ಹಿತ್ತಲಿಗೆ ಹೋಗಿಬಿಟ್ಟೆ. ಹುಳುಮನೆ ತೊಳೆದು ಸುಣ್ಣ ಹಾಕಿತ್ತು, ತಟ್ಟೆಗಳೆಲ್ಲ ಬರಿದಾಗಿದ್ದವು. ಅಲ್ಲಿ ನಿಂತಿದ್ದಾಗಲೇ ಮಕ್ಕಳೆಲ್ಲ ಒಟ್ಟಿಗೆ "ಓ...!" ಎಂದು ಕಿರುಚಿದ್ದು ಕೇಳಿಸಿತು. ಹಾರಿತು, ಅಂದುಕೊಂಡೆ. ನನ್ನನ್ನು ಬಿಟ್ಟು ಹಾರಿಹೋಯಿತು.

ನಾನು ಒಳಗೆ ಬರುವ ಹೊತ್ತಿಗೆ ಮಕ್ಕಳು ಹೋಗಿದ್ದರು. ಅವಳು ಪೆಟ್ಟಿಗೆಯ ವೈರು ಸುತ್ತಿಡುತ್ತಿದ್ದಳು. ನನ್ನನ್ನು ಕಂಡು ಓಡಿಬಂದಳು.

"ಅಜ್ಜಿ, ಏನಾಯ್ತು ಗೊತ್ತಾ? ಚಿಟ್ಟೆ..."

"ಹೇಳ್ಬೇಡ! ಒಂದಕ್ಷರ ಹೇಳ್ಬೇಡ!" ನಾನು ಎರಡೂ ಕಿವಿ ಮುಚ್ಚಿಕೊಂಡೆ.

"ಅಲ್ಲಜ್ಜಿ, ಕೇಳು..."

"ನೀನು ನೋಡಿದ್ದಾಯ್ತಲ್ಲ. ನನ್ನ ಕಣ್ಣಿಗಾದ್ರೂ ಹೊಸದಾಗಿ ಉಳೀಲಿ. ಹೋಗು, ಬೋಂಡ ತಿನ್ನು."

ಬೋಂಡ ತಟ್ಟೆಯಲ್ಲೇ ಆರಿತು. ಆಮೇಲೂ ಹೇಳಲು ಬಂದಳು, ನಾನು ಮುಖ ತಿರುಗಿಸಿದೆ. ರಜ ಮುಗಿಯುತ್ತ ಬಂದಿತ್ತು. ಅವಳಪ್ಪ ಬಂದು ಕರೆದುಕೊಂಡು ಹೊರಟಾಗ ಆಟದ ಡಬ್ಬಿಯನ್ನು ಅಲ್ಲೇ ಬಿಟ್ಟಳು. "ಕೆಂಪದು ಒಳಗೇ ಇದೆ ಅಜ್ಜಿ, ತೆಗೀಬೇಡ. ದಸರಾಕ್ಕೆ ಬರ್ತೀನಿ," ಎಂದಳು. ತಾನು ಉಂಡು ಬಿಟ್ಟ ಎಲೆಯನ್ನು ನನ್ನ ಮುಂದಿಟ್ಟು ಹೋದಳು ಅಂದುಕೊಂಡೆ. ಬಸ್ಸಿಗೆ ಹತ್ತಿಸಲೂ ಹೋಗಲಿಲ್ಲ.

ಒಂದು ಟಿವಿ ಆಟಕ್ಕೆ ಇಷ್ಟೊಂದಾ ಎಂದು ನೀವು ಕೇಳಬಹುದು. ಸೊಸೆಯೂ ಕೇಳಿದಳು. ಚಿಟ್ಟೆ ನೋಡಿದ್ದನ್ನು ನುಂಗಿಕೊಳ್ಳಬಹುದಿತ್ತು, ಮಕ್ಕಳಿಗೆ ತಾಳ್ಮೆ ಎಲ್ಲಿರುತ್ತದೆ? ನುಂಗಲಾಗದ್ದು ಆ "ಊಂ". ಎಷ್ಟು ಮಧ್ಯಾಹ್ನ ನಾವಿಬ್ಬರೂ ಆ ತಲೆಯೆತ್ತಿದ ಹುಳವನ್ನು ಕಾದಿದ್ದೆವು! ನಾನು ನನ್ನ ಅತ್ತೆ ಹೇಳಿಕೊಟ್ಟದ್ದನ್ನೆಲ್ಲ, ಅವಳ ಅತ್ತೆ ಅವಳಿಗೆ ಹೇಳಿಕೊಟ್ಟದ್ದನ್ನೆಲ್ಲ ಈ ಮೊಮ್ಮಗಳ ಕಿವಿಗೆ ಹಾಕಿದ್ದು ಆ ಹೊತ್ತಿನಲ್ಲೇ. ಅವಳು ಊಂ, ಊಂ ಅನ್ನುತ್ತಿದ್ದಳು. ಈಗ ಆ ಒಂದೊಂದು ಊಂಕಾರವೂ ನೆನಪಾಗಿ, ಅದರ ಹಿಂದೆ ನಗು ಕೇಳಿಸುತ್ತಿತ್ತು.

ಒಂದು ದಿನ ತಡೆಯಲಾರದೆ ಹಸಿರು ಕ್ಯಾಸೆಟ್ಟನ್ನು ನಾನೇ ಸಿಕ್ಕಿಸಿದೆ. ಅವಳು ಮಾಡುತ್ತಿದ್ದ ಹಾಗೆ ಬಾಯಿಂದ ಊದಿ ಹಾಕಿದೆ. ಎಡವಿ, ಬಿದ್ದು, ಹೇಗೋ ಮೊದಲ ಮರ ಮುಗಿಸಿದೆ. ಹುಳ ಜ್ವರಕ್ಕೆ ಕೂತಿತು. ಕೂತ ಕ್ಷಣವೇ ಬಟನ್ನು ಒತ್ತಿದೆ. ದೇವರೇ, ಇದಕ್ಕೊಂದು ತಿಂಡಿ ತಿನ್ನುವಷ್ಟು ಹೊತ್ತಾದರೂ ಬೇಡವೇ, ಏಳದೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹುಳ ಮೈ ಕೊಡವಿ ಎದ್ದಿತು. ಅದೇ ಹೊಸ ಚರ್ಮ, ಅಷ್ಟೇ ದಪ್ಪ. ಹುಳವೂ ಅವಳ ಕಡೆಗೇ ಸೇರಿಕೊಂಡಿತ್ತು.

ಆ ಸಿಟ್ಟಿನಲ್ಲೇ ನಾನು ಆಟ ಕಲಿತೆ. ಅವಳಿಲ್ಲದೆ, ಯಾರ ಕೈಯ ಹಂಗಿಲ್ಲದೆ, ಆ ಚಿಟ್ಟೆಯನ್ನು ನಾನೇ ಹಾರಿಸುತ್ತೇನೆ ಎಂದು ಹಟ ತೊಟ್ಟೆ. ಸೊಪ್ಪು ಕೊಯ್ದು ಒರಟಾದ ಹೆಬ್ಬೆರಳು ಮೊದಮೊದಲು ಹೇಳಿದ ಮಾತು ಕೇಳುತ್ತಿರಲಿಲ್ಲ, ಬರುಬರುತ್ತ ಪಳಗಿತು. ಮಧ್ಯಾಹ್ನ ಎಲ್ಲರೂ ಒರಗಿದಾಗ ನಾನು ಟಿವಿಯ ಮುಂದೆ. ಕರೆಂಟು ಹೋದರೆ ಬೈದುಕೊಂಡು ಮತ್ತೆ ಶುರು. ಜ್ವರಕ್ಕೆ ಕಾಯುತ್ತಿರಲಿಲ್ಲ, ಟಕ್ಕನೆ ಒತ್ತುತ್ತಿದ್ದೆ. ಒತ್ತಿದಾಗೆಲ್ಲ ಕೈಗೆ ಏನೋ ಚುಚ್ಚಿದ ಹಾಗಾಗುತ್ತಿತ್ತು.

ಶ್ರಾವಣದಲ್ಲಿ ಒಂದು ದಿನ ಕರೆಂಟು ಹೋಗಲಿಲ್ಲ.

ಕೊನೆಯ ಕೊಂಬೆ. ಹುಳ ಗೂಡು ಕಟ್ಟಿತು. ಗೂಡು ಅಲ್ಲಾಡಿತು. ತುದಿಯಲ್ಲಿ ಒದ್ದೆಯಾದ ಹಾಗೆ ಬಣ್ಣ ಬದಲಾಯಿತು, ನಮ್ಮ ಗೂಡುಗಳು ತೂತಾಗುವ ಮುಂಚೆ ಆಗುತ್ತವಲ್ಲ, ಹಾಗೇ. ತಲೆ ಬಂತು. ಮುದುಡಿದ ರೆಕ್ಕೆ ಬಂತು. ಚಿಟ್ಟೆ ಕೊಂಬೆಯ ಮೇಲೆ ಕೂತು ರೆಕ್ಕೆ ಪಟಪಟ ಬಡಿಯಿತು, ಇದ್ದಲ್ಲೇ ಗಿರಗಿರ ಸುತ್ತಿತು. ಅಯ್ಯೋ, ಇದೂ ನಮ್ಮದೇ ಜಾತಿಯದು, ಹಾರುವುದಿಲ್ಲ, ಇದೂ ಮೋಸ ಮಾಡಿತು ಅನ್ನುವಷ್ಟರಲ್ಲಿ ಅದು ಕಾಲು ಬಿಡಿಸಿಕೊಂಡು ಎದ್ದಿತು. ಎದ್ದು, ಕೊಂಬೆ ದಾಟಿ, ಹಳದಿ ಕ್ಯಾಸೆಟ್ಟಿನ ತೋಟ ದಾಟಿ, ಹಸಿರು ಕ್ಯಾಸೆಟ್ಟಿನ ಆ ಮೊದಲ ಮರದ ತುದಿಯನ್ನೂ ದಾಟಿ, ಟಿವಿಯ ಮೇಲಂಚಿಗೆ ಹೋಗಿ ಮಾಯವಾಯಿತು!

ನಾನು ಎದ್ದು ನಿಂತು ಕಿರುಚಿದೆ. "ಬಾರೇ ಪುಟ್ಟಿ! ಹಾರ್ತು, ಬಾರೇ ನೋಡೇ!"

ಯಾರನ್ನು ಕರೆಯುತ್ತಿದ್ದೇನೆ ಎಂದು ತಿಳಿದದ್ದು ಆಮೇಲೆ. ಖಾಲಿ ಚಾಪೆ, ಅದರ ಮೇಲೆ ಎರಡನೇ ರಿಮೋಟು. ಯಜಮಾನರು ದೊಣ್ಣೆ ಹಿಡಿದು ಹಿತ್ತಲಿನಿಂದ ಓಡಿಬಂದರು.

"ಏನೇ, ಹಾವಾ?"

"ಹಾವಲ್ಲ ಕಣ್ರೀ, ಹುಳ! ಹಾರಿಹೋಯ್ತು!"

ಅವರು ಟಿವಿ ನೋಡಿದರು, ನನ್ನನ್ನು ನೋಡಿದರು. ದೊಣ್ಣೆ ಮೂಲೆಗಿಟ್ಟರು. "ಸರಿ, ಹಾರಿದ್ರೆ ಹಾರ್ಲಿ. ಕಾಫಿ ಮಾಡು," ಎಂದರು.

ಅಷ್ಟು ಖುಷಿಯನ್ನು ಒಬ್ಬಳೇ ಏನು ಮಾಡಲಿ? ಮಗನ ಮೊಬೈಲು ಕಸಿದುಕೊಂಡು ಗೌರಿಬಿದನೂರಿಗೆ ಫೋನು ಮಾಡಿಸಿದೆ. ಮಗಳು ಎತ್ತಿದಳು, "ಅವಳಿಗೆ ಕೊಡು" ಎಂದೆ.

"ಪುಟ್ಟಿ, ನಾನೂ ನೋಡ್ದೆ ಕಣೇ! ನೀನೊಬ್ಳೇ ಅಲ್ಲ!"

"ಏನು ನೋಡ್ದೆ ಅಜ್ಜಿ?"

"ಚಿಟ್ಟೆ! ಆ ಮೊದಲ್ನೇ ಮರ ಐತಲ್ಲ, ಅದನ್ನೂ ದಾಟಿ ಮೇಲಕ್ಕೆ ಹೋಯ್ತು. ನನ್ನ ಬಿಟ್ಟು ನೀನು ನೋಡಿದ್ರೆ, ನಿನ್ನ ಬಿಟ್ಟು ನಾನು ನೋಡ್ಬಾರ್ದಾ?"

ಅವಳು ಸಣ್ಣ ದನಿಯಲ್ಲಿ ಕೇಳಿದಳು.

"ಹಾರತ್ತಾ ಅಜ್ಜಿ ಅದು?"

"ಅದೇನೇ, ನೀನು ನೋಡಿದೀಯಲ್ಲ!"

"ನಾನೆಲ್ಲಿ ನೋಡ್ದೆ? ಗೂಡು ಅಲ್ಲಾಡ್ತು, ಅಷ್ಟೊತ್ಗೆ ಕರೆಂಟು ಹೋಯ್ತು. ಎಲ್ರೂ ಓ ಅಂತ ಕಿರುಚ್ಕೊಂಡ್ವಿ. ಹೇಳಕ್ಕೆ ಬಂದ್ರೆ ನೀನು ಕಿವಿ ಮುಚ್ಕೊಂಡೆ. ಅದಕ್ಕೇ ಕ್ಯಾಸೆಟ್ ಅಲ್ಲೇ ಬಿಟ್ಟು ಬಂದೆ, ದಸರಾಕ್ಕೆ ಬಂದು ಇಬ್ರೂ ನೋಡಣ ಅಂತ." ಅಳು ಉಕ್ಕಿಬಂತು ಅವಳಿಗೆ. "ನೀನೊಬ್ಳೇ ನೋಡ್ಬಿಟ್ಟೆ. ನೋಡಿದ್ದಲ್ದೆ ಹೇಳೂಬಿಟ್ಟೆ! ಮೋಸ ಅಜ್ಜಿ!"

ಫೋನು ಇಟ್ಟುಬಿಟ್ಟಳು.

ನಾನು ಮೊಬೈಲನ್ನು ಮಗನ ಕೈಗೆ ಕೊಟ್ಟು ಟಿವಿ ಆರಿಸಿದೆ. ಮಗುವನ್ನು ಅಳಿಸಿಬಿಟ್ಟೆನಲ್ಲ ಅನ್ನಿಸಿದ್ದು ನಿಜ. ಆದರೂ ನ್ಯಾಯ ನ್ಯಾಯವೇ ಅಲ್ಲವೇ? ಕರೆಂಟು ಹೋಗದಿದ್ದರೆ ಅವಳು ನೋಡೇ ನೋಡುತ್ತಿದ್ದಳು. ನನ್ನ ತಲೆಯ ಮೇಲಿಟ್ಟ ಆಣೆಯನ್ನು ಉಳಿಸಿದ್ದು ಅವಳಲ್ಲ, ಲೈನ್‌ಮ್ಯಾನು.

ದಸರಾಕ್ಕೆ ಬಂದಳು. ಮುಖ ಊದಿಸಿಕೊಂಡೇ ಬಂದಳು. ಊಟ ಮಾಡಿ, ಯಾರೂ ಹೇಳದೆ ಕೈಕಾಲು ತೊಳೆದು, ಚಾಪೆ ಹಾಸಿ, ಪೆಟ್ಟಿಗೆ ಜೋಡಿಸಿದಳು. ಎರಡನೇ ರಿಮೋಟಿನ ಪಕ್ಕ ನನಗೆ ಜಾಗ ಬಿಟ್ಟಿದ್ದಳು. ಕೂತೆ. ಮೊದಲ ಜ್ವರ ಬಂತು. ಹುಳ ತಲೆಯೆತ್ತಿ ಕೂತಿತು. ಅವಳು ಒತ್ತಲಿಲ್ಲ.

"ಒತ್ತಮ್ಮ," ಎಂದೆ. "ಕಾಯೋದೇನೂ ಬೇಕಿಲ್ವಂತಲ್ಲ. ಬಟನ್ ಒತ್ತಿದ್ರೆ ಎದ್ಬಿಡತ್ತಂತಲ್ಲ."

ಅವಳ ಕಿವಿ ಕೆಂಪಾಯಿತು. "ಕೇಳಿಸ್ಕೊಂಡ್ಯಾ?"

"ಕಿಟಕಿ ತೆಗೆದಿತ್ತು."

ಬಹಳ ಹೊತ್ತು ರಿಮೋಟಿನ ವೈರನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಮೊದ್ಲು ನಂಬಿದ್ದೆ ಅಜ್ಜಿ. ಒಂದಿನ ನೀನು ಸೊಪ್ಪು ಹಾಕಕ್ಕೆ ಹೋದಾಗ ಕೈ ತಗುಲಿ ಒತ್ತೋಯ್ತು. ಎದ್ಬಿಟ್ತು. ಹೇಳಿದ್ರೆ ನೀನು ಮತ್ತೆ ಬಂದು ಕೂತ್ಕೊಳಲ್ವೇನೋ ಅಂತ ಹೇಳ್ಲಿಲ್ಲ."

"ಮತ್ತೆ ಅವರ ಮುಂದೆ ನಕ್ಕಿದ್ದು?"

ಕಣ್ಣು ತುಂಬಿಕೊಂಡು ಟಿವಿಯನ್ನೇ ನೋಡುತ್ತಿದ್ದಳು. ಹುಳವೂ ತಲೆಯೆತ್ತಿ ನಮ್ಮನ್ನೇ ನೋಡುತ್ತಿರುವ ಹಾಗಿತ್ತು.

"ಈಗ ಒತ್ಲಾ?" ಎಂದು ಕೇಳಿದಳು.

"ಇರು," ಎಂದೆ. "ಸೊಪ್ಪು ಹಾಕ್ಬಿಟ್ಟು ಬರ್ತೀನಿ."

ಪ್ರತಿ ಜ್ವರಕ್ಕೂ ಕಾದೆವು. ಸೊಸೆ ಒಗ್ಗರಣೆ ಹಾಕದೆ ಕಾದಳು. ಕರೆಂಟು ಕೂಡ ಅದೇನು ಮನಸ್ಸು ಮಾಡಿತ್ತೋ, ಹೋಗಲಿಲ್ಲ. ಕೊನೆಗೆ ಗೂಡು ಅಲ್ಲಾಡಿತು, ತುದಿ ಒದ್ದೆಯಾಯಿತು, ಚಿಟ್ಟೆ ಹೊರಗೆ ಬಂತು. ಅವಳು ಉಸಿರು ಹಿಡಿದುಕೊಂಡಳು. ಚಿಟ್ಟೆ ಪಟಪಟ ರೆಕ್ಕೆ ಬಡಿಯಿತು. ಇದ್ದಲ್ಲೇ ಗಿರಗಿರ ಸುತ್ತಿತು.

ಅವಳ ಮುಖ ಬಾಡಿತು. "ಹಾರಲ್ಲ ಅಜ್ಜಿ ಇದು. ಹುಳುಮನೇದು ಸುತ್ತತ್ತಲ್ಲ, ಹಂಗೇ ಸುತ್ತುತಾ ಇದೆ," ಎಂದಳು. ನನ್ನ ಸೆರಗು ಹಿಡಿದು ಎಳೆದಳು. "ಸುಳ್ಳು ಹೇಳಿದ್ಯಾ ಅಜ್ಜಿ ನಂಗೆ?"

ನಾನು ಬಾಯಿ ಬಿಡಲಿಲ್ಲ. ಟಿವಿಯನ್ನೂ ನೋಡಲಿಲ್ಲ. ಮುಂದೆ ಏನಾಗುತ್ತದೆಂದು ಗೊತ್ತಿದ್ದವಳು ನಾನೊಬ್ಬಳೇ. ಆ ಮುನಿದ ಮುಖವನ್ನೇ ನೋಡುತ್ತಾ ಕೂತಿದ್ದೆ. ನೋಡುತ್ತಿದ್ದ ಹಾಗೆಯೇ ಅವಳ ಕಣ್ಣು ಮೆಲ್ಲಗೆ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಯಿತು, ಟಿವಿ ಮುಗಿದು ಗೋಡೆ ಶುರುವಾಗುವ ಕಡೆಗೆ.